ಇತಿಹಾಸದ ಕ್ಷೇತ್ರಕಾರ್ಯದಲ್ಲಿ ವಿಡಿಯೋ ಚಿತ್ರಗ್ರಹಣ: ಉಪಕರಣ ಮತ್ತು ಸಂಕಲನದ ಕೆಲವು ವಿಚಾರಗಳು

ಬಳ್ಳಾರಿ ನಗರಕ್ಕೆ ಸಮೀಪದಲ್ಲಿರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳು ನವಶಿಲಾಯುಗದ ನೆಲೆಗಳೆಂದು ವಿದ್ವಾಂಸರಿಗೆಲ್ಲ ಪರಿಚಿತವಾಗಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟನು ಈ ಪ್ರದೇಶವನ್ನು ಶೋಧಿಸಿದನು. ಬಿ. ಸುಬ್ಬರಾವ್ ಅವರು ಇಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ತಮ್ಮ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ಕಪ್ಪಗಲ್ಲಿನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳ ಸಂಗತಿಯು ೧೮೯೨ರಷ್ಟು ಹಿಂದೆಯೇ ವರದಿಯಾಗಿತ್ತು. ಆದರೆ ಆ ಕಾಲದಲ್ಲಿ ತೆಗೆದ ಛಾಯಾಚಿತ್ರಗಳ ಮೂಲಪ್ರತಿಗಳಲ್ಲಿ ಕೆಲವು ಮಾಸಿಹೋದವು, ಕೆಲವು ಕಳೆದುಹೋದವು. ಇತ್ತ ಗುಡ್ಡದ ಕಲ್ಲನ್ನೇ ಒಡೆದು ಸಾಗಿಸುವ ಗಣಿಗಾರಿಕೆಯೂ ಮೊದಲಾಯಿತು. ೨೦೦೪ರಲ್ಲಿ ನಿಕೋಲ್ ಬೊಯ್ವಿನ್ ಅವರು ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಈ ಚಿತ್ರಗಳನ್ನು ಕುರಿತು ಬರೆದಾಗ, ನೆಲೆಗೆ ಒದಗಿದ್ದ ಈ ಅಪಾಯವೂ ಹೊರಜಗತ್ತಿಗೆ ತಿಳಿಯಿತು. ವಸ್ತುವೂ ನಾಶವಾಗಿ, ಅದರ ಚಿತ್ರವೂ ನಾಶವಾದರೆ ಇತಿಹಾಸಕಾರನಿಗೆ ಉಳಿಯುವುದೇನು?

ಈ ಪ್ರಶ್ನೆಯೇ ಪ್ರಕೃತ ಲೇಖನಕ್ಕೆ ಪ್ರೇರಣೆ. ಈಚೆಗೆ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೊರಡುವಾಗ ವಿಡಿಯೋ ಕ್ಯಾಮೆರಾವನ್ನು ಕೊಂಡೊಯ್ಯುವುದು, ಇಲ್ಲವೆ ಮದುವೆ ಮೊದಲಾದ ಸಮಾರಂಭಗಳನ್ನು ಚಿತ್ರಿಸುವ ವೃತ್ತಿನಿರತ ಚಿತ್ರಗ್ರಾಹಕರನ್ನು ಜೊತೆಗೆ ಕರೆದೊಯ್ಯುವುದು ರೂಢಿಗೆ ಬಂದಿದೆ. ಯಂತ್ರದ ಪರಿಚಯವು ಅವರಿಗೆ ನಮಗಿಂತ ಹೆಚ್ಚು. ಆದರೆ ಸುಂದರವಾದ ಚಿತ್ರಕ್ಕೂ ಪ್ರಮಾಣಯೋಗ್ಯವಾದ ದಾಖಲೆಗೂ ಇರುವ ಭೇದವನ್ನು ಅವರಿಗೆ ತಿಳಿಸಬೇಕಾದವರು ನಾವು. ಶಾಸನದ ಅಚ್ಚುಪ್ರತಿಯನ್ನು ತೆಗೆಯುವಾಗ ಇರುವ ಎಚ್ಚರವೇ ಇಲ್ಲಿಯೂ ಇರಬೇಕು. ಬೆಳಕು, ಧ್ವನಿ, ಕತ್ತರಿ ಈ ಮೂರರಲ್ಲಿ ಎಲ್ಲಿ ತಪ್ಪಿದರೂ ಆಕರವು ಕೆಡುತ್ತದೆಂಬುದನ್ನು, ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ನೆಲೆಗಳನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇವೆ.

೧. ಉಪಕರಣಗಳ ಆಯ್ಕೆ

ಕ್ಯಾಮೆರಾ ಬಹು ಬೆಲೆಯದಾಗಿರಬೇಕೆಂಬ ನಿಯಮವಿಲ್ಲ. ದ್ಯುತಿರಂಧ್ರ, ಫೋಕಸ್, ಬಿಳಿಬಣ್ಣದ ಹೊಂದಾಣಿಕೆ, ಧ್ವನಿಯ ಮಟ್ಟ ಈ ನಾಲ್ಕನ್ನೂ ಕೈಯಿಂದಲೇ ನಿಯಂತ್ರಿಸುವ ಸೌಕರ್ಯವಿದ್ದರೆ ಸಾಕು. ಯಂತ್ರವು ಇವುಗಳನ್ನು ತಾನೇ ನಿರ್ಧರಿಸುವಂತೆ ಬಿಟ್ಟರೆ, ಒಂದೇ ಬಂಡೆಯ ಬಣ್ಣವು ಒಂದೇ ನೋಟದೊಳಗೆ ಎರಡು ಬಗೆಯಾಗಿ ಕಾಣುವುದುಂಟು.

ಕ್ಯಾಮೆರಾಕ್ಕಿಂತಲೂ ಮುಖ್ಯವಾದುದು ಮುಕ್ಕಾಲಿ. ಗುಡ್ಡದ ಮೇಲಣ ಗಾಳಿಗೆ ಹಗುರವಾದ ಮುಕ್ಕಾಲಿಯು ಅಲುಗಾಡುತ್ತದೆ. ಅದರ ನಡುವಣ ಕೊಕ್ಕೆಗೆ ಕಲ್ಲು ತುಂಬಿದ ಚೀಲವನ್ನು ತೂಗುಬಿಟ್ಟರೆ ಸ್ಥಿರವಾಗಿ ನಿಲ್ಲುತ್ತದೆ. ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುವಾಗ, ವಸ್ತುವೊಂದು ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗಲು ಸುಮಾರು ೭ ಸೆಕೆಂಡುಗಳಾದರೂ ಹಿಡಿಯಬೇಕು. ತಿರುಗಿಸುವ ಮೊದಲೂ ಅನಂತರವೂ ೧೦ ಸೆಕೆಂಡು ನಿಶ್ಚಲವಾಗಿ ಚಿತ್ರಿಸಿದರೆ ಸಂಕಲನಕ್ಕೆ ಅನುಕೂಲ.

ಬಳ್ಳಾರಿಯ ಬೇಸಿಗೆಯು ೪೦ ಡಿಗ್ರಿ ಸೆಲ್ಸಿಯಸ್‌ಗೂ ಮೀರುವುದರಿಂದ, ಕಪ್ಪು ಮೈಯ ಯಂತ್ರವನ್ನು ಬಿಸಿಲಿನಲ್ಲಿಯಾಗಲಿ ಮುಚ್ಚಿದ ವಾಹನದಲ್ಲಿಯಾಗಲಿ ಇಡಬಾರದು. ಬಿಳಿಯ ಕೊಡೆಯೊಂದು, ನೆರಳಿನಲ್ಲಿಟ್ಟ ಎರಡು ಹೆಚ್ಚಿನ ಬ್ಯಾಟರಿಗಳು, ಧೂಳೊರಸುವ ಮೆತ್ತನೆಯ ಬಟ್ಟೆ, ಮಸೂರವನ್ನು ಕಾಯುವ ಗಾಜು ಇವು ಅಲ್ಪಬೆಲೆಯವಾದರೂ ದಿನದ ಕೆಲಸವನ್ನು ಉಳಿಸುತ್ತವೆ.

೨. ಬೆಳಕು: ಸಿರುಗುಪ್ಪ ತಾಲ್ಲೂಕಿನ ಶಾಸನಗಳು

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಬಂಡೆಶಾಸನಗಳು ೧೯೭೦ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದವು. ೧೯೧೫ರಲ್ಲಿ ದೊರೆತ ಮಸ್ಕಿಯ ಶಾಸನದಂತೆ ಇವುಗಳಲ್ಲಿಯೂ ಅಶೋಕನ ಹೆಸರು ಸ್ಪಷ್ಟವಾಗಿ ಬಂದಿರುವುದು ಇವುಗಳ ಹಿರಿಮೆ. ಬ್ರಾಹ್ಮೀ ಲಿಪಿಯ ಈ ಅಕ್ಷರಗಳು ಒರಟಾದ ಬಂಡೆಯ ಮೇಲೆ ಹೆಚ್ಚು ಆಳವಿಲ್ಲದೆ ಕೊರೆಯಲ್ಪಟ್ಟಿವೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಾಗ ಗೆರೆಯಲ್ಲಿ ನೆರಳಿರುವುದಿಲ್ಲ; ನೆರಳಿಲ್ಲದೆ ಅಕ್ಷರವೂ ಕಾಣುವುದಿಲ್ಲ. ಬೆಳಕು ಬಂಡೆಯ ಮೈಯನ್ನು ಸವರಿಕೊಂಡು ಓರೆಯಾಗಿ ಬೀಳುವಾಗ ಪ್ರತಿಯೊಂದು ಗೆರೆಯ ಒಂದು ಅಂಚು ಬೆಳಗಿ ಇನ್ನೊಂದು ಅಂಚು ಕಪ್ಪಾಗುತ್ತದೆ. ಆದಕಾರಣ ಇಂತಹ ಕೆಲಸಕ್ಕೆ ಸೂರ್ಯೋದಯದ ಅನಂತರದ ಹಾಗೂ ಸೂರ್ಯಾಸ್ತದ ಮೊದಲಿನ ಹೊತ್ತೇ ಪ್ರಶಸ್ತ. ಬಂಡೆಗೆ ನೆರಳಿನ ಹೊದಿಕೆಯಿದ್ದರೆ ಕೈದೀಪವೊಂದನ್ನು ಪಕ್ಕದಿಂದ ಹಿಡಿದು, ಮೊದಲು ಎಡದಿಂದಲೂ ಬಳಿಕ ಬಲದಿಂದಲೂ ಬೆಳಗಿಸಿ, ಎರಡು ಸಲ ಚಿತ್ರಿಸಬೇಕು. ಒಂದು ದಿಕ್ಕಿನ ಬೆಳಕಿನಲ್ಲಿ ಅಕ್ಷರದ ಗೆರೆಯಂತೆ ತೋರಿದ ಬಿರುಕು ಇನ್ನೊಂದು ದಿಕ್ಕಿನ ಬೆಳಕಿನಲ್ಲಿ ಬಿರುಕೆಂದೇ ತಿಳಿದುಬರುತ್ತದೆ. ದೀಪವನ್ನು ಮೆಲ್ಲಗೆ ಸರಿಸುತ್ತ ನಿರಂತರವಾಗಿ ಚಿತ್ರಿಸುವ ಸೌಲಭ್ಯವು ಛಾಯಾಚಿತ್ರಕ್ಕಿಲ್ಲ, ವಿಡಿಯೋಗೆ ಇದೆ.

ಪ್ರತಿಯೊಂದು ನೆಲೆಯಲ್ಲಿಯೂ ಮೊದಲ ನೋಟವಾಗಿ ಒಂದು ಅಳತೆಪಟ್ಟಿಯನ್ನೂ ಬಣ್ಣದ ಫಲಕವನ್ನೂ ವಸ್ತುವಿನ ಪಕ್ಕದಲ್ಲಿಟ್ಟು ಚಿತ್ರಿಸತಕ್ಕದ್ದು. ಅಕ್ಷರಗಳು ಎದ್ದುಕಾಣಲೆಂದು ಸುಣ್ಣವನ್ನು ಬಳಿಯುವುದಾಗಲಿ ನೀರನ್ನು ಎರಚುವುದಾಗಲಿ ಸರ್ವಥಾ ಕೂಡದು. ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪೂರ್ವಾನುಮತಿಯನ್ನು ಪಡೆದೇ ಹೊರಡಬೇಕು.

೩. ಮಂದ ಬೆಳಕು ಮತ್ತು ಚಲನೆ: ಕುರುಗೋಡು

ಸಿಂದರ ಒಂದು ಶಾಖೆಯ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ ಸಮಸ್ಯೆಯು ಬೇರೆ ಬಗೆಯದು. ದೊಡ್ಡಬಸವೇಶ್ವರ ದೇವಾಲಯದ ಏಕಶಿಲೆಯ ಬೃಹತ್ ನಂದಿಯು ಒಳಾಂಗಣದ ಮಂದ ಬೆಳಕಿನಲ್ಲಿದೆ. ಎಣ್ಣೆಯ ದೀಪ, ವಿದ್ಯುದ್ದೀಪ, ಬಾಗಿಲಿನಿಂದ ಬರುವ ಹಗಲು ಇವು ಮೂರೂ ಮೂರು ಬಣ್ಣದ ಬೆಳಕುಗಳು. ಹಗಲಿನ ಬಿಸಿಲು ಸುಮಾರು ೫೬೦೦ ಕೆಲ್ವಿನ್, ಹಳೆಯ ತಂತಿಯ ಬಲ್ಬು ಸುಮಾರು ೩೨೦೦ ಕೆಲ್ವಿನ್ ಎಂಬುದು ಚಿತ್ರಗ್ರಾಹಕರ ಲೆಕ್ಕ. ಎಣ್ಣೆಯ ದೀಪವು ಇನ್ನೂ ಕೆಂಪು. ಮುಖ್ಯ ವಸ್ತುವಿನ ಮೇಲೆ ಬೀಳುವ ಬೆಳಕಿನಲ್ಲಿಯೇ ಬಿಳಿಯ ಕಾಗದವನ್ನು ಹಿಡಿದು ಬಣ್ಣವನ್ನು ಹೊಂದಿಸಿಕೊಂಡು, ಆಮೇಲೆ ಬದಲಾಯಿಸದಿರುವುದು ಕ್ಷೇಮ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳುಳ್ಳದ್ದು. ಆದ್ದರಿಂದ ಹಲವು ದೀಪಗಳು ಸೆಕೆಂಡಿಗೆ ೧೦೦ ಸಲ ಮಿನುಗುತ್ತವೆ. ಷಟರಿನ ವೇಗವನ್ನು ೧/೫೦ ಅಥವಾ ೧/೧೦೦ ಸೆಕೆಂಡಿಗೆ ಇಟ್ಟರೆ ಪ್ರತಿಯೊಂದು ಚಿತ್ರಕ್ಕೂ ಸಮಾನವಾದ ಬೆಳಕು ಸಿಕ್ಕಿ, ಪರದೆಯ ಮೇಲೆ ಮಿನುಗು ಕಾಣಿಸದು. ಸೆಕೆಂಡಿಗೆ ೨೫ ಚಿತ್ರಗಳ ಗತಿಯು ಇದಕ್ಕೆ ಹೊಂದುತ್ತದೆ. ಬೆಳಕು ಸಾಲದೆ ಬಂದಲ್ಲಿ ಮೊದಲು ದ್ಯುತಿರಂಧ್ರವನ್ನು ತೆರೆಯಬೇಕು. ವಿದ್ಯುನ್ಮಾನ ವರ್ಧನೆಯನ್ನು ಹೆಚ್ಚಿಸುವುದು ಕಡೆಯ ಉಪಾಯ, ಏಕೆಂದರೆ ಅದರಿಂದ ಚಿತ್ರದ ತುಂಬ ಕಾಳುಕಾಳಾದ ಮಸುಕು ಹರಡಿ ಕೆತ್ತನೆಯ ಸೂಕ್ಷ್ಮವು ಅಳಿಯುತ್ತದೆ.

ರಥೋತ್ಸವದಂತಹ ಸಂದರ್ಭದಲ್ಲಿ ಎರಡು ಕ್ಯಾಮೆರಾಗಳಿರುವುದು ಲೇಸು. ಒಂದು ಎತ್ತರದ ಮಾಳಿಗೆಯ ಮೇಲೆ ಸ್ಥಿರವಾಗಿದ್ದು ಇಡಿಯ ಬೀದಿಯನ್ನು ನಿಲ್ಲದೆ ಚಿತ್ರಿಸಲಿ. ಇನ್ನೊಂದು ಜನರ ನಡುವೆ ಸಂಚರಿಸಲಿ. ಆರಂಭದಲ್ಲಿ ಎರಡಕ್ಕೂ ಕಾಣುವಂತೆ, ಕೇಳುವಂತೆ ಒಮ್ಮೆ ಚಪ್ಪಾಳೆ ತಟ್ಟಿದರೆ ಸಂಕಲನದಲ್ಲಿ ಎರಡನ್ನೂ ಜೋಡಿಸುವುದು ಸುಲಭವಾಗುತ್ತದೆ.

೪. ಧ್ವನಿ: ಕಪ್ಪಗಲ್ಲಿನ ನಾದಶಿಲೆಗಳು

ಕಪ್ಪಗಲ್ಲಿನ ಕೆಲವು ಬಂಡೆಗಳಲ್ಲಿ ಸವೆದ ಗುಳಿಗಳಿದ್ದು, ಕಲ್ಲಿನಿಂದ ತಟ್ಟಿದರೆ ಗಂಟೆಯಂತಹ ನಾದವು ಹೊಮ್ಮುತ್ತದೆ. ಚಿತ್ರಗಳ ಜೊತೆಗೆ ನಾದವೂ ಇಲ್ಲಿಯ ಪ್ರಾಚೀನ ಜನರ ಆಚರಣೆಗಳಲ್ಲಿ ಸೇರಿದ್ದಿರಬಹುದೆಂಬುದು ಬೊಯ್ವಿನ್ ಅವರ ವಾದ. ಇಲ್ಲಿ ಧ್ವನಿಯೇ ಆಕರ.

ನಮ್ಮದೇ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ. ಒಮ್ಮೆ ನಾವು ಆ ನಾದವನ್ನು ಧ್ವನಿಯ ಸ್ವಯಂನಿಯಂತ್ರಣವನ್ನು ಆರಿಸದೆಯೇ ಮುದ್ರಿಸಿಕೊಂಡೆವು. ಪೆಟ್ಟು ಬಿದ್ದ ಕ್ಷಣದಲ್ಲಿ ಯಂತ್ರವು ಮಟ್ಟವನ್ನು ತಾನೇ ತಗ್ಗಿಸಿತು. ನಾದವು ಕ್ಷೀಣಿಸುತ್ತ ಬಂದಂತೆ ತಾನೇ ಏರಿಸಿತು. ಮನೆಗೆ ಬಂದು ಕೇಳಿದಾಗ ನಾದವು ಇದ್ದುದಕ್ಕಿಂತ ದೀರ್ಘವಾಗಿತ್ತು, ಅದರ ಬೆನ್ನಿಗೆ ಗಾಳಿಯ ಮೊರೆತವೂ ಏರುತ್ತಿತ್ತು. ಕಿವಿಗೆ ಇಂಪಾದ ಆ ಮುದ್ರಣವು ಪ್ರಮಾಣವಾಗಿ ನಿರುಪಯುಕ್ತವಾಯಿತು. ಸಂರಕ್ಷಣೆಯ ದೃಷ್ಟಿಯಿಂದ ಬಂಡೆಯನ್ನು ಮತ್ತೆ ಮತ್ತೆ ತಟ್ಟುವಂತೆಯೂ ಇಲ್ಲ.

ಅಂದಿನಿಂದ ನಾವು ಅನುಸರಿಸುತ್ತಿರುವ ಕ್ರಮವಿದು. ಸ್ವಯಂನಿಯಂತ್ರಣವನ್ನು ಆರಿಸುವುದು, ಮಾತಿನ ಏರುಮಟ್ಟವು ಗರಿಷ್ಠ ಮಿತಿಗಿಂತ ೧೨ ಡೆಸಿಬೆಲ್ ಕೆಳಗಿರುವಂತೆ ಹೊಂದಿಸುವುದು, ಸಾಧ್ಯವಿದ್ದರೆ ಅದೇ ಧ್ವನಿಯನ್ನು ಇನ್ನೊಂದು ಪಥದಲ್ಲಿ ಮತ್ತಷ್ಟು ತಗ್ಗಿಸಿ ಮುದ್ರಿಸುವುದು. ಮೈಕಿಗೆ ರೋಮದ ಗಾಳಿಗವಸನ್ನು ತೊಡಿಸುವುದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಚಿತ್ರಿಸುವುದು ಇವು ಎಲ್ಲ ಕಡೆಯಲ್ಲಿಯೂ ಪಾಲಿಸತಕ್ಕವು. ಪ್ರತಿಯೊಂದು ಸ್ಥಳದಲ್ಲಿ ಯಾರೂ ಮಾತಾಡದೆ ೩೦ ಸೆಕೆಂಡುಗಳ ಮೌನವನ್ನು ಮುದ್ರಿಸಿಕೊಂಡರೆ ಸಂಕಲನದಲ್ಲಿ ಬೆಸುಗೆಗಳನ್ನು ಸಮಗೊಳಿಸಲು ನೆರವಾಗುತ್ತದೆ.

೫. ಸಂಕಲನ

ಸಂಕಲನದ ಮೊದಲ ಕೆಲಸವು ಕತ್ತರಿಸುವುದಲ್ಲ, ಪಟ್ಟಿ ಮಾಡುವುದು. ಪ್ರತಿಯೊಂದು ನೋಟದ ಸ್ಥಳ, ದಿನಾಂಕ, ಹೊತ್ತು, ಚಿತ್ರಿಸಿದವರು, ಕಾಲಸಂಕೇತ ಇವುಗಳನ್ನು ಬರೆದಿಟ್ಟ ಮೇಲೆಯೇ ಆಯ್ಕೆಗೆ ತೊಡಗಬೇಕು.

ವೃದ್ಧರ ನೆನಪುಗಳನ್ನು ಸಂಕಲಿಸುವಾಗ ವಿಶೇಷವಾದ ಎಚ್ಚರ ಬೇಕು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದವು ಕೊನೆಯಲ್ಲಿ ಬರುತ್ತದೆ. ಹೇಳುವವರ ಸಂದೇಹವೂ ನಿಶ್ಚಯವೂ ಆ ಕೊನೆಯಲ್ಲಿಯೇ ಇರುತ್ತವೆ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲಣ ದಿನಗಳನ್ನು ನೆನೆಯುತ್ತ ಸಿರುಗುಪ್ಪದ ಕಡೆಯ ರೈತರೊಬ್ಬರು ‘ನಮ್ಮ ಹೊಲಕ್ಕೆ ನೀರು ಮರುವರ್ಷವೇ ಬಂತು, ಇರಬೇಕು’ ಎಂದರೆಂದು ಭಾವಿಸೋಣ. ಮಾತು ಚುಟುಕಾಗಲೆಂದು ‘ಇರಬೇಕು’ ಎಂಬುದನ್ನು ಕತ್ತರಿಸಿದೊಡನೆ ಊಹೆಯು ಸಾಕ್ಷ್ಯವಾಗಿಬಿಡುತ್ತದೆ. ಆದುದರಿಂದ ಮಾತನ್ನು ವಾಕ್ಯದ ಅಂತ್ಯದಲ್ಲಿ, ಉಸಿರು ಮುಗಿದ ಬಳಿಕವೇ ಕತ್ತರಿಸಬೇಕು. ಪ್ರಶ್ನೆಯೊಂದಕ್ಕೆ ಬಂದ ಉತ್ತರವನ್ನು ಇನ್ನೊಂದು ಪ್ರಶ್ನೆಗೆ ಜೋಡಿಸಬಾರದು. ಕತ್ತರಿಯ ಗುರುತನ್ನು ಮರೆಮಾಡಲು ನಡುವೆ ಕೈಯನ್ನೋ ಹೊಲವನ್ನೋ ತೋರಿಸುವುದು ವೃತ್ತಿಯಲ್ಲಿ ರೂಢಿ. ದಾಖಲೆಯಲ್ಲಿ ಕತ್ತರಿಸಿದ ಸ್ಥಳವು ಒಂದು ಕ್ಷಣದ ಕಪ್ಪು ಪರದೆಯಿಂದ ತಿಳಿಯುವಂತಿರುವುದೇ ಒಳ್ಳೆಯದು.

ಬೇರೆಡೆಯ ನೋಟವನ್ನು ಇಲ್ಲಿಯದೆಂಬಂತೆ ಸೇರಿಸುವುದು, ನಾದಶಿಲೆಯ ಧ್ವನಿಯ ಮೇಲೆ ಸಂಗೀತವನ್ನು ಹಚ್ಚುವುದು, ಬಂಡೆಯ ಬಣ್ಣವನ್ನು ಕೆಂಪೇರಿಸುವುದು ಇವೆಲ್ಲ ವರ್ಜ್ಯ. ಬಣ್ಣವನ್ನು ತಿದ್ದುವುದಾದರೆ ಆರಂಭದಲ್ಲಿ ಚಿತ್ರಿಸಿದ ಫಲಕಕ್ಕೆ ಹೊಂದುವಷ್ಟೇ ತಿದ್ದಬೇಕು.

೬. ಮೂಲಪ್ರತಿಯ ರಕ್ಷಣೆ

ಸೆಕೆಂಡಿಗೆ ೫೦ ಮೆಗಾಬಿಟ್ ಪ್ರಮಾಣದಲ್ಲಿ ಮುದ್ರಿಸಿದರೆ ಗಂಟೆಗೆ ಸುಮಾರು ೨೨.೫ ಗಿಗಾಬೈಟ್ ಆಗುತ್ತದೆ. ಆರು ಗಂಟೆಗಳ ಚಿತ್ರೀಕರಣಕ್ಕೆ ೧೩೫. ಜಾಗ ಸಾಲದೆಂದು ಸಂಕಲಿತ ಪ್ರತಿಯನ್ನು ಮಾತ್ರ ಉಳಿಸಿ ಮೂಲವನ್ನು ಅಳಿಸುವುದೇ ಎಲ್ಲಕ್ಕಿಂತ ದೊಡ್ಡ ಅನರ್ಥ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಅವುಗಳಲ್ಲಿ ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಸೂತ್ರವನ್ನು ಪಾಲಿಸಬೇಕು. ನಕಲಾದ ಪ್ರತಿಯನ್ನು ತೆರೆದು ಪರೀಕ್ಷಿಸುವವರೆಗೆ ಕ್ಯಾಮೆರಾದ ಸ್ಮೃತಿಫಲಕವನ್ನು ಅಳಿಸಕೂಡದು. ೧೯೯೫ರಲ್ಲಿ ಬಂದ ಮಿನಿ ಡಿವಿ ಕ್ಯಾಸೆಟ್ಟುಗಳನ್ನು ಓಡಿಸುವ ಯಂತ್ರಗಳೇ ಇಂದು ದುರ್ಲಭವಾಗಿವೆ. ಕಾಲೇಜಿನ ಬೀರುವಿನಲ್ಲಿ ಅಂತಹವು ಇದ್ದಲ್ಲಿ ತಡಮಾಡದೆ ಹೊಸ ಮಾಧ್ಯಮಕ್ಕೆ ವರ್ಗಾಯಿಸುವುದು ಅವಶ್ಯ.

೧೮೯೨ರ ಸುಮಾರಿನಲ್ಲಿ ಕಪ್ಪಗಲ್ಲನ್ನು ಚಿತ್ರಿಸಿದವರು ಶ್ರಮಪಟ್ಟೇ ಚಿತ್ರಿಸಿದ್ದರು. ಅವರ ಶ್ರಮವು ನಷ್ಟವಾದುದು ಗುಡ್ಡದ ಮೇಲಲ್ಲ, ಸಂಗ್ರಹದ ಕಪಾಟುಗಳಲ್ಲಿ. ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಂದಿನ ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನ ಚಿತ್ರಗ್ರಾಹಕರೊಡನೆ ಕುಳಿತು ಮೇಲ್ಕಂಡ ಅಂಶಗಳನ್ನು ಒಮ್ಮೆ ಚರ್ಚಿಸುವರೆಂದೂ, ಮೂಲಪ್ರತಿಗಳನ್ನು ಎಲ್ಲಿ ಇಡುವುದೆಂಬುದನ್ನು ಹೊರಡುವ ಮೊದಲೇ ನಿಶ್ಚಯಿಸುವರೆಂದೂ ಆಶಿಸುತ್ತೇವೆ.