ನಡುಬಾನಿನಲ್ಲಿ ಇಂಧನ ತೀರಿದಾಗ

ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸಿನ ಇಂಧನ ನಡುದಾರಿಯಲ್ಲಿ ತೀರಿದರೆ ತಾವು ಇಳಿದು ಮರದ ನೆರಳಿನಲ್ಲಿ ಕೂರುವಿರಿ. ಬಾನಿನಲ್ಲಿ ಆ ನೆರಳಿಲ್ಲ. ಹಾಗೆಂದು ಯಂತ್ರ ನಿಂತೊಡನೆ ವಿಮಾನ ಕಲ್ಲಿನಂತೆ ಬೀಳುವುದೆಂದು ಭಾವಿಸಬೇಡಿ. ನಾಲ್ವರು ಕೂರುವ ಸೆಸ್ನಾ 172ರಂಥ ಪುಟ್ಟ ವಿಮಾನವು 1 ಕಿಲೋಮೀಟರು ಎತ್ತರದಿಂದ, ಗಾಳಿ ಎದುರಾಗದಿದ್ದರೆ, ಸುಮಾರು 9 ಕಿಲೋಮೀಟರು ತೇಲಿ ಹೋಗಬಲ್ಲುದು. ಈ ಎರಡು ಊರುಗಳ ನಡುವೆ ನೇರ ಗೆರೆ ಎಳೆದರೂ ಸುಮಾರು 30 ಕಿಲೋಮೀಟರು. ಆದ್ದರಿಂದ ಸೊರಬ ಮುಟ್ಟುವ ಮಾತಿಲ್ಲ. ಅಡಕೆಯ ತೋಟ ತಪ್ಪಿ ಕೊಯ್ಲಾದ ಗದ್ದೆ ಸಿಕ್ಕಿದರೆ ಪುಣ್ಯ.

ಗದ್ದೆಯ ಮಾತು ಬಂದುದರಿಂದ ಹೇಳುತ್ತೇನೆ. 1993ರ ನವೆಂಬರ್ 15ರಂದು ಮದರಾಸಿನಿಂದ ಹೈದರಾಬಾದಿಗೆ ಹೋದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ಸು ಅಲ್ಲಿ ದಾರಿ ಕಾಣದೆ ಇಳಿಯಲಾರದೆ ಹಿಂದಿರುಗಿತು. ರೆಕ್ಕೆಯ ಫ್ಲಾಪುಗಳು ಚಾಚಿದಂತೆಯೇ ಸಿಕ್ಕಿಕೊಂಡು, ಗಾಳಿಯ ತಡೆ ಹೆಚ್ಚಿ, ಇಂಧನ ಬೇಗ ಬರಿದಾಯಿತು. ತಿರುಪತಿಯ ಬಳಿ ಬತ್ತದ ಗದ್ದೆಯೇ ನಿಲ್ದಾಣವಾಯಿತು. ಒಳಗಿದ್ದ 262 ಮಂದಿಯೂ ಉಳಿದರು!

ಪುಟ್ಟ ವಿಮಾನಗಳಲ್ಲಿ ಇಂಥ ಕೆಟ್ಟ ಅದೃಷ್ಟಕ್ಕಿಂತ ಲೆಕ್ಕದ ತಪ್ಪೇ ಹೆಚ್ಚು. ದೂರವನ್ನು ಲೆಕ್ಕ ಹಾಕಿದವನು ಎದುರುಗಾಳಿಯನ್ನು ಮರೆಯುತ್ತಾನೆ. ಇಂಧನವನ್ನು ಮೈಲಿಗಳಲ್ಲಲ್ಲ, ನಿಮಿಷಗಳಲ್ಲಿ ಎಣಿಸಬೇಕು. ಅಮೆರಿಕದಲ್ಲಿ ಕಣ್ಣಳತೆಯಿಂದ ಹಾರುವವರಿಗೆ ಹಗಲಿನಲ್ಲಿ 30 ನಿಮಿಷದ, ಇರುಳಿನಲ್ಲಿ 45 ನಿಮಿಷದ ಇಂಧನ ಮಿಗುವಂತೆ ಹೊರಡಬೇಕೆಂದು ನಿಯಮವೇ ಇದೆ. ಮಾಪಕದ ಮುಳ್ಳೊಂದನ್ನೇ ನಂಬುವಂತಿಲ್ಲ. ನಮ್ಮ ಮನೆಗಳಲ್ಲಿ ಸೀಮೆಎಣ್ಣೆಯ ಡಬ್ಬಕ್ಕೆ ಕಡ್ಡಿ ಇಳಿಸಿ ನೋಡುತ್ತಿದ್ದಂತೆ, ಹೊರಡುವ ಮೊದಲು ಟ್ಯಾಂಕಿಗೂ ಅಳತೆಕಡ್ಡಿ ಇಳಿಸಬೇಕು. ಇನ್ನೊಂದು ವಿಚಿತ್ರವುಂಟು. ಕೆಲವು ವಿಮಾನಗಳಲ್ಲಿ ಒಂದು ರೆಕ್ಕೆಯ ಟ್ಯಾಂಕು ಬರಿದಾಗಿ ಯಂತ್ರ ನಿಲ್ಲುತ್ತದೆ. ಇನ್ನೊಂದು ರೆಕ್ಕೆಯಲ್ಲಿ ಪೆಟ್ರೋಲು ಹಾಗೆಯೇ ಇರುತ್ತದೆ. ತಿರುಪನ್ನು ಅತ್ತ ತಿರುಗಿಸಲು ಚಾಲಕ ಮರೆತಿರುತ್ತಾನೆ.