ಅಕ್ಷರಮಾಲೆಯ ಊರುಗಳು: ಕೆನಡಾ ದೇಶದ ಒಂದು ರೈಲುದಾರಿಯ ಗ್ರಾಮಗಳ ಉದಯಾಸ್ತಗಳು

ಲೋಕದಲ್ಲಿ ಊರು ಮೊದಲು ಹುಟ್ಟುವುದು, ಹೆಸರು ಆಮೇಲೆ ಹುಟ್ಟುವುದು. ಜನರು ನೆಲೆಸಿದ ಬಳಿಕ ಅಲ್ಲಿಯ ಹೊಳೆಯಿಂದಲೋ ಮರದಿಂದಲೋ ದೈವದಿಂದಲೋ ನಾಮವು ಬಳಕೆಗೆ ಬರುವುದು. ಇದಕ್ಕೆ ವಿಪರೀತವಾಗಿ, ಹೆಸರು ಮೊದಲು ಹುಟ್ಟಿ, ಊರು ಅದನ್ನು ಹಿಂಬಾಲಿಸಿ ಬಂದು, ಕಡೆಗೆ ಊರಳಿದು ಹೆಸರು ಮಾತ್ರ ಉಳಿದ ನಿದರ್ಶನಗಳು ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದಲ್ಲಿ ದೊರೆಯುತ್ತವೆ.

1903ರಲ್ಲಿ ಸ್ಥಾಪಿತವಾದ ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ರೈಲ್ವೆ ಕಂಪೆನಿಯು ವಿನಿಪೆಗ್ ನಗರದಿಂದ ಪಶ್ಚಿಮ ಸಮುದ್ರತೀರದವರೆಗೆ ಹಳಿ ಹಾಕಿಸಿತು; 1914ರಲ್ಲಿ ಆ ದಾರಿಯು ಪೂರ್ತಿಯಾಯಿತು. 1907-08ರ ಸುಮಾರಿಗೆ ಅದು ಪ್ರೇಯರಿ ಎಂಬ ಹುಲ್ಲುಬಯಲನ್ನು ದಾಟುತ್ತಿದ್ದಾಗ ನಿಲ್ದಾಣಗಳಿಗೆ ರೋಮನ್ ಅಕ್ಷರಮಾಲೆಯ ಕ್ರಮದಲ್ಲಿಯೇ ನಾಮಕರಣವಾಯಿತು. ಆಟ್‌ವಾಟರ್, ಬ್ಯಾಂಗರ್, ಕೇನಾ ಎಂದು ಮೊದಲಾಗಿ, ಇಟೂನಾ, ಜಾಸ್ಮಿನ್, ಕೆಲಿಹರ್ ಎಂದು ನಡೆದು, ವೆನ್, ವಾಟ್ರಸ್, ಜೀನಾ, ಯಂಗ್, ಜೆಲ್ಮಾ ಎಂದು ಮುಗಿಯುವುದು. ಬಳಿಕ ಆಲನ್, ಬ್ರಾಡ್‌ವೆಲ್, ಕ್ಲಾವೆಟ್ ಎಂದು ಪುನಃ ಮೊದಲಿನಿಂದ ಆರಂಭ. ನಡುವೆ ಮೆಲ್ವಿಲ್ ಎಂಬ ಊರು ಈ ಕ್ರಮವನ್ನು ಮೀರಿತು; ಕಂಪೆನಿಯ ಅಧ್ಯಕ್ಷನಾಗಿದ್ದು 1912ರಲ್ಲಿ ಟೈಟಾನಿಕ್ ಹಡಗಿನೊಡನೆ ಮುಳುಗಿದ ಚಾರ್ಲ್ಸ್ ಮೆಲ್ವಿಲ್ ಹೇಸ್ ಎಂಬಾತನ ಹೆಸರು ಅದು. ರೂಢ, ಅನ್ವರ್ಥ, ಅಂಕಿತ ಎಂದು ಕನ್ನಡ ವೈಯಾಕರಣರು ನಾಮಗಳನ್ನು ವಿಭಾಗಿಸಿರುವರಷ್ಟೆ. ಈ ಹೆಸರುಗಳು ಕೇವಲ ಅಂಕಿತಗಳು. ನೆಲದ ಗುಣಕ್ಕೂ ಇವಕ್ಕೂ ಸಂಬಂಧವಿಲ್ಲ.

ಹಾಗೆಂದು ಆ ನೆಲವು ನಿರ್ಜನವಾಗಿತ್ತೆಂದು ಭಾವಿಸಬಾರದು. ಅಲ್ಲಿ ಕಾಡುಕೋಣಗಳ ಬೇಟೆಯಿಂದ ಜೀವಿಸುತ್ತಿದ್ದ ಕ್ರೀ, ಸೋಟೋ ಮೊದಲಾದ ಜನಾಂಗಗಳೊಡನೆ 1874ರಲ್ಲಿ ನಾಲ್ಕನೆಯ ಒಪ್ಪಂದವಾಯಿತು. 1872ರ ಶಾಸನವು 10 ಡಾಲರ್ ಶುಲ್ಕಕ್ಕೆ 160 ಎಕರೆ ಭೂಮಿಯನ್ನು ಒಕ್ಕಲಿಗೆ ಕೊಡುವ ಏರ್ಪಾಡನ್ನು ಮಾಡಿತ್ತು. 1901ರಲ್ಲಿ 91,279 ಇದ್ದ ಈ ಪ್ರದೇಶದ ಜನಸಂಖ್ಯೆಯು 1911ರಲ್ಲಿ 4,92,432ಕ್ಕೆ ಏರಿತು.

ನಿಲ್ದಾಣದಿಂದ ನಿಲ್ದಾಣಕ್ಕೆ ಸುಮಾರು 7-8 ಮೈಲಿಗಳ ಅಂತರ. ಈ ಅಂತರವು ಯದೃಚ್ಛೆಯಿಂದ ಬಂದುದಲ್ಲ. ಒಕ್ಕಲಿಗನು ಕುದುರೆಬಂಡಿಯಲ್ಲಿ ಗೋದಿಯನ್ನು ಹೇರಿಕೊಂಡು ಬಂದು, ಮಾರಿ, ಕತ್ತಲಾಗುವುದರೊಳಗೆ ಮನೆಗೆ ಹಿಂದಿರುಗಬೇಕಾಗಿತ್ತು. ಹಳಿಯ ಪಕ್ಕದಲ್ಲಿ ಎಲಿವೇಟರ್ ಎಂಬ ಎತ್ತರವಾದ ಮರದ ಕಣಜ; ಅದರ ಆಶ್ರಯದಲ್ಲಿ ಅಂಗಡಿ, ಅಂಚೆಮನೆ, ಕಮ್ಮಾರಸಾಲೆ, ಪಾಠಶಾಲೆ, ಇಗರ್ಜಿ. ಊರೆಂದರೆ ಇಷ್ಟೆ.

ಇಂತಹ ಊರುಗಳು ಅಳಿದುದೇಕೆ? ರೈಲು ಹೋದುದರಿಂದ ಊರು ಹೋಯಿತೆಂದು ಸಾಮಾನ್ಯವಾಗಿ ಹೇಳುವರು. ನಿಮಿತ್ತವು ತೊಲಗಿದರೆ ನೈಮಿತ್ತಿಕವೂ ತೊಲಗುವುದೆಂಬ ನ್ಯಾಯಕ್ಕೆ ಇದು ಒಪ್ಪುವಂತೆ ತೋರುತ್ತದೆ. ಅನೇಕ ಶಾಖಾಮಾರ್ಗಗಳ ವಿಷಯದಲ್ಲಿ ಇದು ನಿಜವೂ ಹೌದು. ಆದರೆ ಅಕ್ಷರಮಾಲೆಯ ದಾರಿಯಲ್ಲಿ ಈ ವಾದವು ನಿಲ್ಲಲಾರದು. 1919ರಲ್ಲಿ ಕಂಪೆನಿಯು ಸಾಲಭಾರದಿಂದ ಕುಸಿದು, ಬಳಿಕ ಕೆನೇಡಿಯನ್ ನ್ಯಾಷನಲ್ ಸಂಸ್ಥೆಯಲ್ಲಿ ಲೀನವಾದರೂ ಹಳಿಗಳು ಇದ್ದಲ್ಲಿಯೇ ಇವೆ. ಅದು ಇಂದಿಗೂ ಆ ಸಂಸ್ಥೆಯ ಹೆದ್ದಾರಿ. ಉದ್ದುದ್ದವಾದ ಸರಕುಬಂಡಿಗಳು ಹಗಲಿರುಳು ಓಡುತ್ತಿವೆ. ಓಡುತ್ತಿವೆ, ನಿಲ್ಲುವುದಿಲ್ಲ.

ಆದುದರಿಂದ ಊರಿನ ನಿಜವಾದ ನಿಮಿತ್ತವು ರೈಲಲ್ಲ. ಕುದುರೆಯ ಒಂದು ದಿನದ ನಡಿಗೆ. ಲಾರಿಯೂ ಒಳ್ಳೆಯ ರಸ್ತೆಯೂ ಬಂದ ಕೂಡಲೆ 8 ಮೈಲಿಯೂ 40 ಮೈಲಿಯೂ ಒಂದೇ ಆದುವು. 1930ರ ದಶಕದ ಬರಗಾಲವು ಒಕ್ಕಲುಗಳನ್ನು ಓಡಿಸಿತು. 1944ರ ಶಾಸನದಿಂದ ಶಾಲೆಗಳ ಆಡಳಿತವು ದೊಡ್ಡ ಘಟಕಗಳಿಗೆ ಸೇರಿ, ಸಣ್ಣ ಶಾಲೆಗಳು ಕ್ರಮೇಣ ಮುಚ್ಚಿದುವು. 1960ರ ಹೊತ್ತಿಗೆ ಡೀಸೆಲ್ ಎಂಜಿನುಗಳು ಬಂದು, ಉಗಿಬಂಡಿಗೆ ನೀರೂಡುತ್ತಿದ್ದ ತೊಟ್ಟಿಗಳು ನಿರರ್ಥಕವಾದುವು. 1897ರ ಒಪ್ಪಂದದಿಂದ ಕಟ್ಟಿಹಾಕಲ್ಪಟ್ಟಿದ್ದ ಅಗ್ಗದ ಧಾನ್ಯಸಾಗಣೆಯ ದರವು 1983ರಲ್ಲಿ ಕೊನೆಗೊಂಡಿತು. ಅದಕ್ಕೆ ಬದಲಾಗಿ ಸರ್ಕಾರವು ಕೊಡುತ್ತಿದ್ದ ಸಹಾಯಧನವೂ 1995ರಲ್ಲಿ ನಿಂತಿತು. ಊರಿಗೊಂದರಂತಿದ್ದ ಮರದ ಕಣಜಗಳಿಗೆ ಬದಲಾಗಿ ದೂರದೂರದಲ್ಲಿ ಕಾಂಕ್ರೀಟಿನ ಮಹಾಕಣಜಗಳು ಎದ್ದುವು. 1930ರ ದಶಕದಲ್ಲಿ ಪ್ರೇಯರಿಯಲ್ಲಿ 5,000ಕ್ಕೂ ಮಿಕ್ಕಿದ್ದ ಕಣಜಗಳು ಈಗ ಕೆಲವು ನೂರಕ್ಕೆ ಇಳಿದಿವೆ.

ಎಂಜಿನನ್ನೂ ಸಿಬ್ಬಂದಿಯನ್ನೂ ಬದಲಿಸುವ ವಿಭಾಗಸ್ಥಾನಗಳಾಗಿದ್ದ ಮೆಲ್ವಿಲ್, ವಾಟ್ರಸ್‌ಗಳು ಉಳಿದುವು; ಅಂತರವನ್ನು ತುಂಬುವುದಕ್ಕಲ್ಲದೆ ಬೇರೊಂದು ಕೆಲಸವೂ ಅವಕ್ಕಿತ್ತು. ಜಾಸ್ಮಿನ್, ಟೇಟ್, ಜೀನಾ ಮೊದಲಾದುವು ಊರೆಂಬ ರೂಪವನ್ನೇ ಕಳೆದುಕೊಂಡುವು. ಜಾಸ್ಮಿನ್ ಎಂದರೆ ಮಲ್ಲಿಗೆ. ಹಿಮದ ಬಯಲಿನ ಆ ಊರಿಗೆ ಈ ಹೆಸರು ಹೊಂದಿಬಂದುದು ತನ್ನ ಮೊದಲ ಅಕ್ಷರದಿಂದ.

ಕಂಪೆನಿಗೆ ಈ ಹೆಸರುಗಳು ಅನುಕ್ರಮದ ಗುರುತುಗಳಾಗಿದ್ದುವು. ಅಲ್ಲಿ ಹುಟ್ಟಿ, ಓದಿ, ಹೆತ್ತವರನ್ನು ಮಣ್ಣು ಮಾಡಿದವರಿಗೆ ಅವು ಸ್ವಂತ ಊರಿನ ಹೆಸರುಗಳು. ಒಂದು ತಲೆಮಾರಿನ ಬಾಳುವೆಯಿಂದಲೇ ಅಂಕಿತನಾಮವು ರೂಢನಾಮವಾಯಿತು. ಊರು ಅಳಿದ ಬಳಿಕ ಅದು ಭೂಪಟದಲ್ಲಿ ಮತ್ತೆ ಬರಿಯ ಅಂಕಿತವಾಗಿ ನಿಂತಿದೆ.