ಮಗು ಮಲಗಿದಾಗ ಮುಗಿಯದ ಪದವಿ

ಮಕ್ಕಳನ್ನು ಸಾಕುತ್ತ ಆನ್‌ಲೈನಿನಲ್ಲಿ ಪದವಿ ಓದುವ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟಿರುವುದು, ‘ಹೇಗೂ ಮನೆಯಲ್ಲೇ ಇರ್ತೀಯಲ್ಲ, ಮಗು ಮಲಗಿದಾಗ ಓದಿಕೊಂಡ್ರಾಯ್ತು’ ಎಂಬ ಮಾತು. ಇದನ್ನು ಹೇಳುವವರಲ್ಲಿ ಮಗುವನ್ನು ತಟ್ಟಿ ಮಲಗಿಸಿದವರು ಕಡಿಮೆ.

ಮೂರು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಮುಕ್ತ ಮತ್ತು ದೂರಶಿಕ್ಷಣದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಪಾಠ ಕೇಳುವುದು, ಪುಸ್ತಕ ಓದುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲ ಇದರಲ್ಲೇ ಬಂತು. ಅಲ್ಲಿಗೆ ಒಟ್ಟು 3,600 ಗಂಟೆ. ಮೂರು ವರ್ಷಕ್ಕೆ ಹಂಚಿದರೆ ಹಬ್ಬ, ಜ್ವರ, ಮದುವೆಮನೆ ಯಾವುದಕ್ಕೂ ಬಿಡುವಿಲ್ಲದೆ ದಿನಕ್ಕೆ ಮೂರೂಕಾಲು ಗಂಟೆ. ಒಂದು ವರ್ಷದ ಮಗು ಮಧ್ಯಾಹ್ನ ಅಷ್ಟು ಹೊತ್ತು ನಿದ್ದೆ ಮಾಡಿದರೆ ತಾಯಿ ಪುಸ್ತಕ ತೆಗೆಯುವುದಿಲ್ಲ, ಗಾಬರಿಯಿಂದ ಹಣೆ ಮುಟ್ಟಿ ನೋಡುತ್ತಾಳೆ.

ಮಲಗಿದ ಹೊತ್ತೂ ಖಾಲಿ ಹೊತ್ತಲ್ಲ. ಬಟ್ಟೆ ಒಣಹಾಕುವುದು, ಕುಕ್ಕರ್ ಇಡುವುದು, ಎರಡು ತುತ್ತು ಬಿಸಿ ಅನ್ನ ಉಣ್ಣುವುದು ಎಲ್ಲಕ್ಕೂ ಸಿಗುವುದು ಆ ಒಂದೇ ಗಳಿಗೆ. ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಮಕ್ಕಳ, ಹಿರಿಯರ ಆರೈಕೆ ಇದರಲ್ಲಿ ಸೇರಿಲ್ಲ. ಅದರಲ್ಲಿ ತೊಡಗಿದ ಹೆಂಗಸರಿಗೆ ಅದು ಬೇರೆ 134 ನಿಮಿಷ. ಇವೆರಡೂ ಮುಗಿದು ಉಳಿದ ಹೊತ್ತಿಗೆ ‘ಬಿಡುವು’ ಎಂದು ಹೆಸರಿಟ್ಟವರು ಯಾರೋ ತಿಳಿಯದು.

ರೆಕಾರ್ಡ್ ಆದ ಪಾಠವನ್ನು ಯಾವಾಗ ಬೇಕಾದರೂ ಕೇಳಬಹುದು ಎಂಬುದು ನಿಜ. ಆದರೆ ಅರ್ಧ ಗಂಟೆಯ ಪಾಠದ ಹನ್ನೆರಡನೆಯ ನಿಮಿಷಕ್ಕೆ ತೊಟ್ಟಿಲು ಅಲುಗುತ್ತದೆ. ಮತ್ತೆ ಬಂದು ಕೂರುವಷ್ಟರಲ್ಲಿ ಬೇಡಿಕೆಯ ರೇಖೆ ಯಾವುದು, ಪೂರೈಕೆಯ ರೇಖೆ ಯಾವುದು ಎಂಬುದು ಮರೆತಿರುತ್ತದೆ. ಪಾಠ ಮೊದಲಿನಿಂದ ಶುರು. ಆನ್‌ಲೈನ್ ಪದವಿಯಲ್ಲಿ ಕಲಿಕಾ ಚಟುವಟಿಕೆಗಳಲ್ಲಿ ಕನಿಷ್ಠ ಶೇ 75ರಷ್ಟು ಪಾಲ್ಗೊಳ್ಳಬೇಕೆಂಬ ನಿಯಮವೂ ಇದೆ. ‘ಹಾಜರಾತಿಯೇ ಇಲ್ಲ’ ಎಂಬ, ಪ್ರವೇಶ ಮಾಡಿಸಿಕೊಡುವ ಏಜೆಂಟರ ಮಾತು ಇಲ್ಲಿಗೆ ಮುಗಿಯಿತು. ಇನ್ನು ಮನೆಯಿಂದಲೇ ಪರೀಕ್ಷೆ ಎಂದರೆ ಕ್ಯಾಮೆರಾ ಮತ್ತು ಮೈಕಿನ ಕಾವಲಿನಲ್ಲಿ ಬರೆಯುವ ಪರೀಕ್ಷೆ. ಕೋಣೆಯಲ್ಲಿ ಇನ್ನೊಂದು ಮುಖ ಕಂಡರೂ ಇನ್ನೊಂದು ದನಿ ಕೇಳಿದರೂ ಅನುಮಾನವೆಂದು ದಾಖಲಾಗಬಹುದು. ಬಾಗಿಲು ತಟ್ಟಿ ‘ಅಮ್ಮಾ, ಸುಸ್ಸು’ ಎನ್ನುವ ಮೂರು ವರ್ಷದವನಿಗೆ ಆ ನಿಯಮಾವಳಿ ಓದಲು ಬರುವುದಿಲ್ಲ. ಹೊರಗೆ ಅವನನ್ನು ಎತ್ತಿಕೊಳ್ಳುವ ಒಬ್ಬರು ಬೇಕು, ಪರೀಕ್ಷೆಯ ದಿನ ಮಾತ್ರವಲ್ಲ.

ಹಾಗೆಂದು ಆಗದ ಕೆಲಸವೇನಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಬಿ.ಎ.ಗೆ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6. ಆರು ವರ್ಷಕ್ಕೆ ಹಂಚಿದರೆ ದಿನಕ್ಕೆ ಒಂದು ಗಂಟೆ ನಲವತ್ತು ನಿಮಿಷ. ಅಷ್ಟು ಹೊತ್ತು ಗಂಡನೋ ಅತ್ತೆಯೋ ಮಗುವನ್ನು ನೋಡಿಕೊಂಡರೆ ಲೆಕ್ಕ ಕೂಡಿಬರುತ್ತದೆ. ನಿಧಾನವಾಗಿ ಮುಗಿಸಿದ್ದನ್ನು ಸೋಲೆಂದು ಎಣಿಸುವುದು ನೆಂಟರ ಚಾಳಿ; ವಿಶ್ವವಿದ್ಯಾಲಯಕ್ಕೆ ಆ ಗೊಡವೆ ಇಲ್ಲ.

ಉಳಿದ ತಪ್ಪು ಕಲ್ಪನೆಗಳಲ್ಲಿ ‘ಇಂಥ ಡಿಗ್ರಿಗೆ ಸರ್ಕಾರಿ ಕೆಲಸ ಸಿಗಲ್ಲ’ ಎಂಬುದು ಹಳಸಿದ ಮಾತು: ಮಾನ್ಯತೆಯುಳ್ಳ ದೂರಶಿಕ್ಷಣ ಪದವಿಗಳು ಕೇಂದ್ರ ಸರ್ಕಾರದ ಹುದ್ದೆಗೆ ಸಲ್ಲುತ್ತವೆಂದು 1995ರಲ್ಲೇ ಅಧಿಸೂಚನೆ ಬಂದಿದೆ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿ ಆನ್‌ಲೈನ್ ಪದವಿಯನ್ನೂ ತರಗತಿಯ ಪದವಿಗೆ ಸಮವೆಂದಿದೆ. ‘ಎಲ್ಲ ಕೋರ್ಸೂ ಆನ್‌ಲೈನಿನಲ್ಲಿ ಸಿಗುತ್ತದೆ’ ಎಂಬುದೂ ಸುಳ್ಳು. ವೈದ್ಯಕೀಯ, ನರ್ಸಿಂಗ್, ಎಂಜಿನಿಯರಿಂಗ್, ಕಾನೂನು ಪದವಿಗಳಿಗೆ ಅವಕಾಶವಿಲ್ಲ. ‘ಒಂದೇ ವರ್ಷದಲ್ಲಿ ಡಿಗ್ರಿ’ ಎಂದು ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಚೀಟಿಯ ಬಗ್ಗೆ ಹೇಳುವುದೇನೂ ಇಲ್ಲ.

ಆದರೂ ಆ ಚೀಟಿಯ ನಂಬರಿಗೆ ಫೋನ್ ಮಾಡುವವರು ಇದ್ದಾರೆ. ಸಂತೆಯಲ್ಲಿ ಬದನೆಕಾಯಿಯನ್ನು ತಿರುತಿರುಗಿಸಿ ಹುಳುಕು ಹುಡುಕುವ ಜನ, ಸಾವಿರಗಟ್ಟಲೆ ಶುಲ್ಕ ಕಟ್ಟುವಾಗ ಮಾತ್ರ ಏಜೆಂಟನ ವಾಟ್ಸ್ಆ್ಯಪ್ ಸಂದೇಶವನ್ನು ವೇದವಾಕ್ಯವೆಂದು ನಂಬುತ್ತಾರೆ. ಯುಜಿಸಿಯ ದೂರಶಿಕ್ಷಣ ಬ್ಯೂರೊ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಿದೆ. ನೋಡಲು ಐದು ನಿಮಿಷ ಸಾಕು, ಖರ್ಚಿಲ್ಲ. ನೆರೆಮನೆಯವರ ಮಗಳು ಹಿಂದೆ ಅದೇ ಸಂಸ್ಥೆಯಲ್ಲಿ ಓದಿದ್ದಳು ಎಂಬುದು ಪುರಾವೆಯಾಗದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲ ವರ್ಷ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಸಿಕ್ಕಿತು. ಪಟ್ಟಿಯಲ್ಲಿ ಸಂಸ್ಥೆಯ ಹೆಸರಿದ್ದರೆ ಸಾಲದು. ಸೇರಬೇಕೆಂದಿರುವ ಕೋರ್ಸಿನ ಹೆಸರೂ ಸೇರುವ ವರ್ಷವೂ ಅದರಲ್ಲಿರಬೇಕು.